ಶೀತಯಂತ್ರದ ಕಸಬಿಗೆ ತಕ್ಕ ವಯಸ್ಸು

ಬೇಸಿಗೆ ಕಾಲಿಟ್ಟಿತೆಂದರೆ ಮುಂಬಯಿಯಿಂದ ದಿಲ್ಲಿಯವರೆಗೆ ಹೋಟೆಲುಗಳ ಧಣಿಗಳಿಗೆ ಅಡುಗೆಯ ಭಟ್ಟರಿಗಿಂತಲೂ ಹೆಚ್ಚು ಬೇಕಾದವನು ಒಬ್ಬನಿರುತ್ತಾನೆ. ಅವನು ಶೀತಯಂತ್ರವನ್ನು ದುರಸ್ತಿ ಮಾಡುವವನು. ಹಾಲು, ಮೊಸರು, ರುಬ್ಬಿದ ಹಿಟ್ಟು, ತರಕಾರಿ, ಐಸ್‌ಕ್ರೀಮು ಎಲ್ಲವೂ ಅವನ ಕೈಗುಣವನ್ನು ನಂಬಿಕೊಂಡಿರುತ್ತವೆ. ಫ್ರೀಜರು ನಿಂತ ದಿನ ಗಲ್ಲೆಯ ಲೆಕ್ಕವೂ ಏರುಪೇರಾಗುತ್ತದೆ. ಹತ್ತು ಸಲ ಫೋನು ಮಾಡಿಸಿಕೊಂಡು, ಚೀಲವನ್ನು ಹೆಗಲಿಗೆ ಹಾಕಿಕೊಂಡು ಬರುವ ಆ ತರುಣನು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, ಮಾಣಿಯೊಬ್ಬನು ದಿನಗಟ್ಟಲೆ ದುಡಿದು ಗಳಿಸುವಷ್ಟನ್ನು ಎಣಿಸಿಕೊಂಡು ಹೋಗುತ್ತಾನೆ. ಅದನ್ನು ಕಂಡ ನಮ್ಮ ಹುಡುಗರಿಗೆ ಈ ಕೆಲಸ ತಮಗೂ ಬರಬಾರದೇಕೆ ಎಂದು ತೋರಿದರೆ ಆಶ್ಚರ್ಯವೇನೂ ಇಲ್ಲ.

ಈ ಯೋಚನೆಯ ಬೆನ್ನಿಗೇ ಏಳುವ ಪ್ರಶ್ನೆಯು ವಯಸ್ಸಿನದು. ಊರಿನಿಂದ ಮಗನನ್ನು ಕರೆತಂದ ತಂದೆಯು, 'ಹದಿನೈದು ತುಂಬಿದೆ, ಈಗಲೇ ಯಾವನಾದರೂ ಮಿಸ್ತ್ರಿಯ ಕೈಕೆಳಗೆ ಬಿಟ್ಟರೆ ಬೇಗ ಕಲಿತಾನಲ್ಲವೆ?' ಎಂದು ಕೇಳುತ್ತಾನೆ. ಹತ್ತು ಹನ್ನೆರಡು ವರ್ಷ ತಟ್ಟೆ ಲೋಟಗಳ ನಡುವೆ ಕಳೆದ ಇಪ್ಪತ್ತೆಂಟರ ಹರೆಯದವನು, 'ನನ್ನ ಕಾಲ ಮುಗಿಯಿತು, ಇನ್ನು ಕಲಿಯುವುದುಂಟೆ?' ಎಂದು ನಿಟ್ಟುಸಿರು ಬಿಡುತ್ತಾನೆ. ಕಚೇರಿಯ ಗುಮಾಸ್ತನು ಮೂವತ್ತೈದರಲ್ಲಿ, ತನ್ನ ಮೇಜಿನ ಕೆಲಸವನ್ನು ಕಂಪ್ಯೂಟರು ದಿನದಿನಕ್ಕೂ ಕಬಳಿಸುತ್ತಿರುವುದನ್ನು ಕಂಡು ಇದೇ ಮಾತನ್ನು ಬೇರೆ ಧಾಟಿಯಲ್ಲಿ ಆಡುತ್ತಾನೆ. ಮೊದಲನೆಯವನು ವಯಸ್ಸಿಗೆ ಮುಂಚೆಯೇ ಮಗನನ್ನು ನೂಕಲು ಹೊರಟಿದ್ದಾನೆ. ಉಳಿದಿಬ್ಬರು ವಯಸ್ಸು ಮೀರಿತೆಂದು ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಿದ್ದಾರೆ. ಈ ಮೂವರೂ ತಪ್ಪು ತಿಳಿದಿದ್ದಾರೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಕಾನೂನಿನ ಮಾತನ್ನು ಮುಗಿಸಿಕೊಳ್ಳೋಣ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 1986ರ ಬಾಲಕಾರ್ಮಿಕ ಕಾನೂನು, 2016ರಲ್ಲಿ ತಿದ್ದುಪಡಿಯಾದ ಮೇಲೆ, ಪೂರ್ಣವಾಗಿ ನಿಷೇಧಿಸಿದೆ. ಹೋಟೆಲುಗಳಲ್ಲಿ ಮಕ್ಕಳ ದುಡಿತಕ್ಕೆ 2006ರ ಅಕ್ಟೋಬರಿನಲ್ಲಿಯೇ ತಡೆ ಬಿದ್ದಿತ್ತು. 14ರಿಂದ 18ರವರೆಗಿನ ಕಿಶೋರರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. 1961ರ ಅಪ್ರೆಂಟಿಸ್ ಕಾನೂನು ಕೂಡ ಕಲಿಕೆಯ ನೌಕರಿಗೆ 14 ವರ್ಷವನ್ನು ಕನಿಷ್ಠವೆಂದು ಹೇಳಿ, ಅಪಾಯಕರ ಉದ್ಯಮಗಳಿಗೆ ಸೇರಿದ ಕಸಬುಗಳ ಮಟ್ಟಿಗೆ ಅದನ್ನು 18ಕ್ಕೆ ಏರಿಸಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ನಾವೆಲ್ಲ ಐ.ಟಿ.ಐ. ಎಂದು ಕರೆಯುವ ಶಾಲೆಗಳಲ್ಲಿ, ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಕಸಬಿನ ಶಿಕ್ಷಣವು ಎರಡು ವರ್ಷದ್ದು. ಗಣಿತ ವಿಜ್ಞಾನಗಳೊಡನೆ 10ನೆಯ ತರಗತಿಯನ್ನು ಮುಗಿಸಿ 14 ವರ್ಷ ತುಂಬಿದವನು ಅದಕ್ಕೆ ಸೇರಬಹುದು. ಕಾನೂನು ಹೇಳುವುದು ಇಷ್ಟು. ಆದರೆ ಕಾನೂನು ಯಾವ ವಯಸ್ಸಿಗೆ ಬಿಡುತ್ತದೆಂಬುದು ಒಂದು ಮಾತು, ಯಾವ ವಯಸ್ಸಿಗೆ ಹೋದರೆ ಬಾಳು ಹಸನಾಗುತ್ತದೆಂಬುದು ಇನ್ನೊಂದು ಮಾತು.

'ಎಳೆಯದರಲ್ಲೇ ಕೈಗೆ ಕೆಲಸ ಹತ್ತಬೇಕು' ಎಂಬುದು ನಮ್ಮ ಹಿರಿಯರ ನಂಬಿಕೆ. ಬಡಗಿಯ ಮಗ ಬಡಗಿಯಾಗಿ, ಕಮ್ಮಾರನ ಮಗ ಕಮ್ಮಾರನಾಗಿ ಮನೆಯಂಗಳದಲ್ಲೇ ಬೆಳೆಯುತ್ತಿದ್ದ ಕಾಲದಲ್ಲಿ ಆ ಮಾತಿಗೆ ಬೆಲೆಯಿತ್ತು; ಅಲ್ಲಿ ಕಲಿಸುವವನು ತಂದೆ. ಇಲ್ಲಿ, ನಗರದ ಗಲ್ಲಿಯೊಂದರ ದುರಸ್ತಿ ಅಂಗಡಿಯಲ್ಲಿ, ಕಲಿಸುವವನಿಗೆ ಬೇಕಾದುದು ಶಿಷ್ಯನಲ್ಲ, ಕೂಲಿ. ಹದಿನೈದರ ಹುಡುಗನು ಅಲ್ಲಿ ಮೊದಲ ವರ್ಷ ಚೀಲ ಹೊರುತ್ತಾನೆ, ಎರಡನೆಯ ವರ್ಷ ಏಣಿ ಹಿಡಿಯುತ್ತಾನೆ, ಮೂರನೆಯ ವರ್ಷ ಕೊಳವೆಯನ್ನು ಬಗ್ಗಿಸಲು ಕಲಿಯುತ್ತಾನೆ. ಇಪ್ಪತ್ತೊಂದು ತುಂಬುವ ಹೊತ್ತಿಗೆ 'ಗ್ಯಾಸ್ ತುಂಬುವುದು' ಎಂಬ ಒಂದೇ ಮದ್ದು ಅವನ ಕೈಯಲ್ಲಿರುತ್ತದೆ. ಯಂತ್ರಕ್ಕೆ ಯಾವ ರೋಗ ಬಂದರೂ ಅವನು ಕೊಡುವುದು ಆ ಮದ್ದನ್ನೇ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಶೀತಯಂತ್ರವು ತಂಪನ್ನು ಉತ್ಪತ್ತಿ ಮಾಡುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಕ್ಕೆ ಸಾಗಿಸುತ್ತದೆ. ಕೊಳವೆಯೊಳಗಿನ ಶೀತಕ ದ್ರವವು ಪೆಟ್ಟಿಗೆಯ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡುತ್ತದೆ. ಹಿಂಬದಿಯ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಪುನಃ ದ್ರವವಾಗುತ್ತದೆ. ಮುಂದೆ ಕಿರಿದಾದ ದ್ವಾರದಲ್ಲಿ ಹಾಯ್ದು, ಒತ್ತಡ ತಗ್ಗಿ, ತಣ್ಣಗಾಗಿ, ಮೊದಲಿನ ಜಾಗಕ್ಕೆ ಹಿಂದಿರುಗುತ್ತದೆ. ಈ ಸುತ್ತಾಟದಲ್ಲಿ ಗ್ಯಾಸು ಖರ್ಚಾಗುವುದೇ ಇಲ್ಲ. ಕಡಮೆಯಾಗಿದ್ದರೆ ಎಲ್ಲೋ ಸೋರಿದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ಗ್ಯಾಸು ತುಂಬುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಎಷ್ಟೋ ಹೋಟೆಲುಗಳಲ್ಲಿ ಫ್ರಿಜ್ಜು ತಣಿಯದಿರಲು ಕಾರಣ ಗ್ಯಾಸೂ ಅಲ್ಲ, ಅಡುಗೆಮನೆಯ ಎಣ್ಣೆಜಿಡ್ಡು ಮತ್ತು ಧೂಳು ಕಂಡೆನ್ಸರಿನ ಮೇಲೆ ಕಂಬಳಿಯಂತೆ ಕುಳಿತಿರುವುದು. ತತ್ತ್ವವನ್ನು ತಿಳಿದವನು ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಾನೆ. ತಿಳಿಯದವನು ಗ್ಯಾಸಿನ ಬಾಟಲಿಯನ್ನು ತೆರೆಯುತ್ತಾನೆ.

ಇಂತಹ ತಿಳಿವಳಿಕೆಗೆ ಶಾಲೆಯ ಅಡಿಪಾಯ ಬೇಕು. 'ಒಂದೂವರೆ ಟನ್ನಿನ ಎ.ಸಿ.' ಎಂದರೆ ಯಂತ್ರದ ತೂಕವೆಂದು ತಿಳಿದವರು ಈಗಲೂ ಇದ್ದಾರೆ. ವಾಸ್ತವವಾಗಿ ಒಂದು ಟನ್ನೆಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖ. ಮಂಜುಗಡ್ಡೆಯ ವ್ಯಾಪಾರದ ಕಾಲದಿಂದ ಉಳಿದು ಬಂದ ಅಳತೆ ಅದು. ಕೋಣೆಯ ಅಳತೆ, ಜನರ ಸಂಖ್ಯೆ, ಒಲೆಗಳ ಶಾಖ ಇವನ್ನೆಲ್ಲ ಕೂಡಿಸಿ ಎಷ್ಟು ಟನ್ನು ಬೇಕೆಂದು ಹೇಳಬಲ್ಲವನಿಗೂ, ತಂದುಕೊಟ್ಟ ಪೆಟ್ಟಿಗೆಯನ್ನು ಗೋಡೆಗೆ ಜೋಡಿಸುವವನಿಗೂ ಕೂಲಿಯಲ್ಲಿ ಅಂತರವಿದೆ, ಮರ್ಯಾದೆಯಲ್ಲಿಯೂ ಅಂತರವಿದೆ. ಆ ಅಂತರವು 8ನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದರಿಂದ ಹುಟ್ಟುತ್ತದೆ. ಶಾಲೆ ಬಿಟ್ಟು ಮೂರು ವರ್ಷ 'ಬೇಗ' ಹೊರಟವನು ಮುಂದೆ ಮೂವತ್ತು ವರ್ಷ ಹಿಂದೆ ಉಳಿಯುತ್ತಾನೆ.

ಅಪಾಯದ ವಿಷಯವೂ ಇದೆ. ಬಹುಮಹಡಿ ಕಟ್ಟಡಗಳ ಹೊರಗೋಡೆಗೆ ತೂಗುಹಾಕಿದ ಯಂತ್ರದ ಕೆಲಸವನ್ನು ಅಂಚಿನ ಮೇಲೆ ನಿಂತು ಮಾಡಬೇಕಾಗುತ್ತದೆ. ವಿದ್ಯುತ್ತನ್ನು ಕಡಿದ ಮೇಲೂ ಕೆಪಾಸಿಟರಿನಲ್ಲಿ ಆಘಾತ ಕೊಡುವಷ್ಟು ವಿದ್ಯುತ್ತು ಉಳಿದಿರುತ್ತದೆ. ಸೋರಿಕೆಯ ಪರೀಕ್ಷೆಗೆ ಸಾರಜನಕವನ್ನು ಬಳಸಬೇಕು. ಅಗ್ಗವೆಂದೋ ಕೈಗೆ ಸಿಕ್ಕಿತೆಂದೋ ಆಮ್ಲಜನಕವನ್ನು ಬಿಟ್ಟರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುವ ಭಯವಿದೆ. ಹದಿನೈದು ಹದಿನಾರರ ಹುಡುಗನಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಭಯಪಡಬೇಕಾದಲ್ಲಿ ಭಯಪಡುವ ಬುದ್ಧಿಗೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಅಂಚಿಗೆ ಇಳಿಯೆಂದು ಮಿಸ್ತ್ರಿಯು ಹೇಳಿದಾಗ 'ಒಲ್ಲೆ' ಎನ್ನುವ ಬಾಯಿ ಆ ವಯಸ್ಸಿನವನಿಗೆ ಇರುವುದಿಲ್ಲ. ಆದುದರಿಂದ ಹುಡುಗರ ವಿಷಯದಲ್ಲಿ ನಮ್ಮ ಉತ್ತರ ಸ್ಪಷ್ಟವಾಗಿದೆ: 10ನೆಯ ತರಗತಿ ಮುಗಿಯುವ ತನಕ ಶಾಲೆ, ಅನಂತರ ಎರಡು ವರ್ಷ ಐ.ಟಿ.ಐ.; 18 ತುಂಬಿದ ಮೇಲೆಯೇ ಗೋಡೆಯ ಅಂಚು, ಜೀವಂತ ವಿದ್ಯುತ್ತು ಮತ್ತು ಕೂಲಿಯ ಕೆಲಸ. ಇದಕ್ಕಿಂತ ಮುಂಚೆ ಮಗನನ್ನು ಅಂಗಡಿಗೆ ಬಿಡುವ ತಂದೆಯು ಒಂದೆರಡು ವರ್ಷಗಳ ಸಣ್ಣ ಸಂಪಾದನೆಗಾಗಿ ಇಡೀ ಕಸಬನ್ನೇ ಮಾರಿದಂತಾಗುತ್ತದೆ.

ಇನ್ನು ಹುಡುಗತನವನ್ನು ದಾಟಿದವರ ಪ್ರಶ್ನೆಗೆ ಬರೋಣ. ನಮ್ಮ ವಾಚಕರಲ್ಲಿ ಬಹುಮಂದಿಯ ಪ್ರಶ್ನೆ ಇದೇ ಆಗಿದೆ. ಈ ಕಸಬಿನ ಚರಿತ್ರೆಯೇ ಅವರಿಗೆ ಸಮಾಧಾನದ ಉತ್ತರವನ್ನು ಕೊಡುತ್ತದೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಅಚ್ಚುಕೂಟವೊಂದರಲ್ಲಿ ಗಾಳಿಯ ತೇವದಿಂದ ಕಾಗದವು ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದಾಗ, ಅದಕ್ಕೆ ಪರಿಹಾರವಾಗಿ ಹವಾನಿಯಂತ್ರಣದ ಯೋಜನೆಯನ್ನು ರಚಿಸಿದ ವಿಲಿಸ್ ಕ್ಯಾರಿಯರನಿಗೆ ಆಗ 25 ವರ್ಷ. ಅವನು ಕಾಲೇಜಿನಲ್ಲಿ ಓದಿದ ಎಂಜಿನಿಯರು. ಆದರೆ ಅವನಿಗಿಂತ ಅರ್ಧ ಶತಮಾನ ಮುಂಚೆ ಆಸ್ಟ್ರೇಲಿಯದ ಜೀಲಾಂಗಿನಲ್ಲಿ ಮಂಜುಗಡ್ಡೆ ಮಾಡುವ ಯಂತ್ರವನ್ನು ಕಟ್ಟಿದ ಜೇಮ್ಸ್ ಹ್ಯಾರಿಸನನು ಎಂಜಿನಿಯರನಲ್ಲ. ಅಚ್ಚುಮೊಳೆ ಜೋಡಿಸುತ್ತ ಬೆಳೆದು ಪತ್ರಿಕೆಯ ಸಂಪಾದಕನಾದವನು. ಎಳೆಯನಾಗಿದ್ದಾಗ ಗ್ಲಾಸ್ಗೋವಿನಲ್ಲಿ ಮುದ್ರಣದ ಕೆಲಸವನ್ನು ಕಲಿಯುತ್ತಲೇ ರಸಾಯನಶಾಸ್ತ್ರದ ಪಾಠಗಳಿಗೂ ಹೋಗಿದ್ದವನು. 1816ರಲ್ಲಿ ಹುಟ್ಟಿದ ಅವನು ತನ್ನ ಮೊದಲ ಯಂತ್ರವನ್ನು ನಡೆಸಿದ್ದು 1851ರಲ್ಲಿ. ಲಾರಿಗಳಲ್ಲಿ ಹಣ್ಣು, ಮಾಂಸ, ಔಷಧಿಗಳನ್ನು ತಂಪಾಗಿ ಸಾಗಿಸುವ ಯಂತ್ರವನ್ನು ರೂಪಿಸಿದ ಫ್ರೆಡರಿಕ್ ಮೆಕಿನ್ಲಿ ಜೋನ್ಸನ ಕಥೆ ಇನ್ನೂ ಹತ್ತಿರದ್ದು. ಆತ ಕರಿಯ ಜನಾಂಗದ ಅನಾಥ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನು. ಗ್ಯಾರೇಜುಗಳಲ್ಲಿ ಮೋಟಾರು ರಿಪೇರಿ ಮಾಡಿಕೊಂಡಿದ್ದವನು. 1893ರಲ್ಲಿ ಹುಟ್ಟಿದ ಆತ ಈ ಕೆಲಸಕ್ಕೆ ಕೈಹಾಕಿದ್ದು 1938ರ ಸುಮಾರಿಗೆ, ಅಂದರೆ ನಲವತ್ತೈದರ ವಯಸ್ಸಿನಲ್ಲಿ. ಇವರೆಲ್ಲ ಅಸಾಮಾನ್ಯರು ನಿಜ. ಆದರೆ ಈ ಕಸಬಿಗೆ ಬಾಲ್ಯದ ದೀಕ್ಷೆಯೇ ಬೇಕೆಂಬ ಮಾತು ಸುಳ್ಳೆಂಬುದಕ್ಕೆ ಇವರ ಸಾಕ್ಷಿ ಸಾಲದೆ?

ಅಸಾಮಾನ್ಯರನ್ನು ಬಿಟ್ಟು ಸಾಮಾನ್ಯರ ಲೆಕ್ಕವನ್ನೇ ನೋಡಿದರೂ, ತಡವಾಗಿ ಬರುವವನಿಗೆ ಈಗಿನ ಕಾಲವು ವಿಶೇಷವಾಗಿ ಅನುಕೂಲವಾಗಿದೆ. ಏಕೆಂದರೆ ಈ ಕಸಬಿನಲ್ಲಿ ಹಳಬರೂ ಮತ್ತೆ ಹೊಸಬರಾಗುತ್ತಿದ್ದಾರೆ. ಓಜೋನ್ ಪದರಕ್ಕೆ ಹಾನಿ ಮಾಡುವ ಅನಿಲಗಳನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದಕ್ಕೆ ಸೇರಿತು. ಹಳೆಯ ಫ್ರಿಜ್ಜುಗಳ ಸಿ.ಎಫ್.ಸಿ. ಅನಿಲವು 2010ರ ಹೊತ್ತಿಗೆ ಹೋಯಿತು. ಕಿಟಕಿಯ ಎ.ಸಿ.ಗಳಲ್ಲಿ ಬಹುಕಾಲ ಮೆರೆದ ಆರ್-22ರ ಜಾತಿಯ ಅನಿಲಗಳನ್ನು 2025ರ ಜನವರಿ 1ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಬಳಸುವಂತಿಲ್ಲ. ಅದರ ಬದಲಿಗೆ ಬಂದ ಅನಿಲಗಳಲ್ಲಿಯೂ ಹಲವು ಭೂಮಿಯ ತಾಪವನ್ನು ಹೆಚ್ಚಿಸುತ್ತವೆಂದು 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ನಿರ್ಣಯವಾಯಿತು. 2021ರಲ್ಲಿ ಭಾರತವು ಅದನ್ನು ಅಂಗೀಕರಿಸಿತು. ಈಗ ಬಳಕೆಗೆ ಬಂದಿರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗುಣವುಳ್ಳದ್ದು. ಆರ್-290 ಎಂಬುದಂತೂ ಪ್ರೋಪೇನೇ. ಫ್ರಿಜ್ಜುಗಳ ಆರ್-600ಎ ಎಂಬುದು ಐಸೋಬ್ಯೂಟೇನು. ಎರಡೂ ನಮ್ಮ ಅಡುಗೆಯ ಅನಿಲದ ಬಂಧುಗಳು. ಇಪ್ಪತ್ತು ವರ್ಷ ಆರ್-22ನ್ನು ತುಂಬಿ ಪಳಗಿದ ಮಿಸ್ತ್ರಿಯು ಹಳೆಯ ಅಭ್ಯಾಸದಂತೆ ಇವುಗಳ ಮುಂದೆ ಬೆಸುಗೆಯ ಜ್ವಾಲೆಯನ್ನು ಹಚ್ಚಿದರೆ ಏನಾಗುವುದೆಂದು ಹೇಳಬೇಕಾದುದಿಲ್ಲ. ಐವತ್ತರ ಅನುಭವಿಯೂ ಇಪ್ಪತ್ತರ ತರುಣನ ಪಕ್ಕದ ಬೆಂಚಿನಲ್ಲಿ ಕುಳಿತು ಹೊಸ ಪಾಠವನ್ನು ಕಲಿಯಬೇಕಾದ ಕಾಲವಿದು. ಅಂತಹ ಬೆಂಚಿನಲ್ಲಿ ಮೂವತ್ತರ ಹೋಟೆಲ್ ಕೆಲಸಗಾರನಿಗೆ ಜಾಗವಿಲ್ಲವೆಂದು ಯಾರು ಹೇಳಬಲ್ಲರು?

ಕೆಲಸಕ್ಕೆ ಕೊರತೆಯಾಗುವ ಸಂಭವವೂ ಇಲ್ಲ. ಕೇಂದ್ರ ಸರಕಾರವು 2019ರ ಮಾರ್ಚಿನಲ್ಲಿ ಪ್ರಕಟಿಸಿದ ಶೀತಲೀಕರಣದ ಕಾರ್ಯಯೋಜನೆಯು ದೇಶದಲ್ಲಿ ತಂಪಿನ ಬೇಡಿಕೆಯು 2017-18ರಿಂದ 2037-38ರೊಳಗೆ ಸುಮಾರು ಎಂಟು ಪಟ್ಟು ಆಗುವುದೆಂದು ಅಂದಾಜು ಮಾಡಿತು; 2022-23ರೊಳಗೆ ಒಂದು ಲಕ್ಷ ದುರಸ್ತಿಗಾರರಿಗೆ ತರಬೇತಿ ಹಾಗೂ ಪ್ರಮಾಣಪತ್ರ ಕೊಡುವ ಗುರಿಯನ್ನೂ ಇಟ್ಟುಕೊಂಡಿತು. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯು 2021ರ ತನ್ನ ಮೂರನೆಯ ಘಟ್ಟದಲ್ಲಿ 15ರಿಂದ 45 ವರ್ಷದವರನ್ನು ಅಭ್ಯರ್ಥಿಗಳೆಂದು ಸ್ವೀಕರಿಸಿತು. ನಲವತ್ತೈದರವನನ್ನು ಸರಕಾರವೇ ಕಲಿಯಲು ಯೋಗ್ಯನೆಂದು ಎಣಿಸಿರುವಾಗ ಇಪ್ಪತ್ತೆಂಟರವನು ತನ್ನನ್ನು ತಾನೇ ಮುದುಕನೆಂದು ಎಣಿಸಿಕೊಳ್ಳುವುದು ಸರಿಯಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ದೇಹದ ನಿಯಮಗಳು ಸುಳ್ಳಾಗವು. ಮೊಣಕಾಲೂರಿ, ಬಾಗಿ, ತೂಕದ ಯಂತ್ರವನ್ನು ಮಹಡಿಗೆ ಹೊತ್ತು, ಬಿಸಿಲಿನ ಮಾಳಿಗೆಯಲ್ಲಿ ಮಾರ್ಚಿಯಿಂದ ಜೂನಿನವರೆಗೆ ಬಿಡುವಿಲ್ಲದೆ ದುಡಿಯುವುದು ಇಪ್ಪತ್ತೈದರವನಿಗೆ ಒಗ್ಗಿದಂತೆ ನಲವತ್ತೈದರವನಿಗೆ ಒಗ್ಗದು. ಮಳೆಗಾಲ ಬಂದಾಗ ಕೆಲಸವು ಇಳಿಮುಖವಾಗಿ, ಬೇಸಿಗೆಗೆಂದು ಸೇರಿಸಿಕೊಂಡ ಹೊಸಬರು ಮೊದಲು ಮನೆಗೆ ಹೋಗಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಯಾರನ್ನೂ ಹುರಿದುಂಬಿಸುವುದು ನಮಗೆ ಇಷ್ಟವಿಲ್ಲ. ಆದರೆ ಶೀತಯಂತ್ರದ ಕಸಬೆಂದರೆ ಮನೆಯ ಎ.ಸಿ.ಯನ್ನು ಗೋಡೆಗೆ ಜೋಡಿಸುವುದೊಂದೇ ಅಲ್ಲ. ಆಲೂಗಡ್ಡೆ, ಹಣ್ಣು, ಮೀನುಗಳನ್ನು ಇಡುವ ಶೈತ್ಯಾಗಾರಗಳಲ್ಲಿ, ಹಾಲಿನ ಡೈರಿಗಳಲ್ಲಿ, ಆಸ್ಪತ್ರೆಗಳಲ್ಲಿ, ದೊಡ್ಡ ಹೋಟೆಲುಗಳ ಯಂತ್ರಕೋಣೆಗಳಲ್ಲಿ ವರ್ಷವಿಡೀ ನಡೆಯುವ ಕೆಲಸವಿದೆ. ಅಲ್ಲಿ ಹೊರುವ ಬಲಕ್ಕಿಂತ ಒತ್ತಡದ ಮುಳ್ಳನ್ನು ಗಂಟೆಗಂಟೆಗೂ ನೋಡಿ ಪುಸ್ತಕದಲ್ಲಿ ಬರೆದಿಡುವ ಶಿಸ್ತು, ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುವ ಅಭ್ಯಾಸ, ಶುಚಿತ್ವ ಇವೇ ಮುಖ್ಯ. ಇವು ಹೋಟೆಲಿನಲ್ಲಿ ದುಡಿದವನಿಗೂ ಲೆಕ್ಕ ಬರೆದವನಿಗೂ ಆಗಲೇ ಬಂದಿರುವ ಗುಣಗಳು. ಇಪ್ಪತ್ತೈದರಿಂದ ಮೂವತ್ತೈದರ ನಡುವಿನವನು ಗೋಡೆಯ ಕೆಲಸದಿಂದ ಆರಂಭಿಸಿ ಹತ್ತು ವರ್ಷಗಳಲ್ಲಿ ಇಂತಹ ಸ್ಥಳಕ್ಕೆ ಹೋಗಿ ನಿಲ್ಲಬಹುದು. ನಲವತ್ತು ದಾಟಿದವನು ಗೋಡೆಯನ್ನು ಬಿಟ್ಟು ನೇರವಾಗಿ ಯಂತ್ರಕೋಣೆಯನ್ನೇ ಗುರಿಯಾಗಿಟ್ಟುಕೊಳ್ಳುವುದು ವಿವೇಕ. ಲೆಕ್ಕ ಬಲ್ಲ ಗುಮಾಸ್ತನು ಕಸಬಿನ ಮೂಲವನ್ನು ಕಲಿತರೆ, ಕೆಲಸದ ಅಂದಾಜುಪಟ್ಟಿ ಮಾಡುವುದು, ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವುದು ಮುಂತಾದವುಗಳಲ್ಲಿ ಬರಿಯ ಮೆಕ್ಯಾನಿಕ್ಕಿಗಿಂತ ಮೇಲಾಗಬಹುದು.

ಹಾಗಾದರೆ ಇವರನ್ನು ತಡೆಯುತ್ತಿರುವುದು ಯಾವುದು? ವಯಸ್ಸೆಂದು ಅವರು ಹೇಳುತ್ತಾರೆ. ನಮಗೆ ತೋರುವಂತೆ ಅದು ವಯಸ್ಸಲ್ಲ, ಅನ್ನ ಮತ್ತು ಮಲಗುವ ಜಾಗ. ಹೋಟೆಲಿನ ನೌಕರಿಯು ಕೊಡುವ ಸಂಬಳ ಸಣ್ಣದಾದರೂ ಅದರ ಜೊತೆಗೆ ಎರಡು ಹೊತ್ತಿನ ಊಟವಿದೆ, ಕಾಫಿ ತಿಂಡಿಯಿದೆ, ರಾತ್ರಿ ಚಾಪೆ ಹಾಸಲು ಸ್ಥಳವಿದೆ. ಆ ನೌಕರಿಯನ್ನು ಬಿಟ್ಟ ದಿನ ಇವು ಮೂರೂ ಒಟ್ಟಿಗೆ ಹೋಗುತ್ತವೆ. 2019ರಲ್ಲಿ ನಿಗದಿಯಾದ ಅಪ್ರೆಂಟಿಸ್ ಭತ್ಯದ ಕನಿಷ್ಠವು 10ನೆಯ ತರಗತಿ ಮುಗಿಸಿದವನಿಗೆ ತಿಂಗಳಿಗೆ 6000 ರೂಪಾಯಿ, ಐ.ಟಿ.ಐ. ಪ್ರಮಾಣಪತ್ರವುಳ್ಳವನಿಗೆ 7000 ರೂಪಾಯಿ. ಮುಂಬಯಿಯಂತಹ ಶಹರದಲ್ಲಿ ಇದರಿಂದ ಖೋಲಿಯ ಬಾಡಿಗೆಯನ್ನು ತೆತ್ತು, ಖಾನಾವಳಿಯ ಬಿಲ್ಲನ್ನು ತೀರಿಸಿ, ಊರಿಗೆ ಹಣ ಕಳುಹಿಸುವುದು ಹೇಗೆ? ಹದಿನೆಂಟರವನಿಗೆ ತಂದೆಯ ಮನೆಯಿದೆ; ಕಲಿಕೆಯ ಎರಡು ವರ್ಷ ಅವನಿಗೆ ಹೇಗೋ ಸಾಗುತ್ತದೆ. ಇಪ್ಪತ್ತೆಂಟರವನಿಗೆ ತಾನೇ ಮನೆಯ ಆಧಾರ. ಅವನ ತಂಗಿಯ ಮದುವೆ, ತಾಯಿಯ ಔಷಧಿ, ಹೊಲದ ಸಾಲ ಎಲ್ಲವೂ ಅವನು ಕಳುಹಿಸುವ ಹಣವನ್ನು ಕಾಯುತ್ತಿರುತ್ತವೆ. ಅವನು 'ವಯಸ್ಸಾಯಿತು' ಎನ್ನುವಾಗ ಹೇಳುತ್ತಿರುವುದು ಇದನ್ನೇ. ಎಂದರೆ, ಈ ಕಸಬನ್ನು ಆರಂಭಿಸಲು ತಕ್ಕ ವಯಸ್ಸೆಂದರೆ ಕಲಿಕೆಯ ಎರಡು ವರ್ಷಗಳನ್ನು ಉಪವಾಸವಿಲ್ಲದೆ, ಸಾಲವಿಲ್ಲದೆ ಕಳೆಯಲು ಸಾಧ್ಯವಾಗುವ ವಯಸ್ಸು. ಅದನ್ನು ಸಾಧ್ಯಮಾಡಿಕೊಡುವುದು ಅವನೊಬ್ಬನ ಕೈಯಲ್ಲಿಲ್ಲ. ಸಮಾಜದ ಕೈಯಲ್ಲಿಯೂ ಇದೆ.

ಹೊರನಾಡಿನ ಕನ್ನಡಿಗರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದ ಹುಡುಗರು ಸಂಜೆ ಸ್ಲೇಟು ಪುಸ್ತಕಗಳನ್ನು ಹಿಡಿದು ಹೋಗುವಂತೆ ಮುಂಬಯಿಯ ಕೋಟೆ ಭಾಗದಲ್ಲಿಯೂ ಬೇರೆಡೆಗಳಲ್ಲಿಯೂ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವರು ನಮ್ಮ ಸಂಘ ಸಂಸ್ಥೆಗಳವರೇ. ಆ ಶಾಲೆಗಳಲ್ಲಿ ಓದಿ ಬ್ಯಾಂಕುಗಳಿಗೆ, ಕಚೇರಿಗಳಿಗೆ, ವಕೀಲಿ ವೃತ್ತಿಗೆ ಹೋದವರು ಅನೇಕರು. ಹೋಟೆಲಿನ ಧಣಿಗಳೇ ಆದವರೂ ಉಂಟು. ಅಂದು ಅಕ್ಷರವಿಲ್ಲದ ಹುಡುಗನಿಗೆ ಅಕ್ಷರವೇ ಬಾಳಿನ ಏಣಿಯಾಗಿತ್ತು. ಇಂದು ಅಕ್ಷರವನ್ನು ಕಲಿತರೂ ಕೈಗೆ ಕಸಬಿಲ್ಲದವನು ಆ ಏಣಿಯ ಬುಡದಲ್ಲೇ ನಿಂತಿದ್ದಾನೆ. ರಾತ್ರಿಶಾಲೆಯ ಆ ಪರಂಪರೆಯನ್ನು ಕಸಬಿನ ಕಲಿಕೆಗೂ ವಿಸ್ತರಿಸುವ ಕಾಲ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಸಂಘಗಳು ತಮ್ಮ ಸಭಾಗೃಹದ ಒಂದು ಕೋಣೆಯನ್ನು ವಾರಕ್ಕೆ ಮೂರು ಸಂಜೆ ಬಿಟ್ಟುಕೊಟ್ಟು, ಹಳೆಯ ಫ್ರಿಜ್ಜೊಂದನ್ನೂ ಹಳೆಯ ಎ.ಸಿ.ಯೊಂದನ್ನೂ ತಂದಿಟ್ಟು, ನಮ್ಮವರಲ್ಲೇ ಇರುವ ಅನುಭವಿಗಳಿಂದ ವಿದ್ಯುತ್ತಿನ ಮತ್ತು ಶೀತಲೀಕರಣದ ಮೂಲಪಾಠಗಳನ್ನು ಕನ್ನಡದಲ್ಲಿ ಹೇಳಿಸಬಹುದು. ಐ.ಟಿ.ಐ. ತರಗತಿಗೆ ಹೋದ ನಮ್ಮ ಹುಡುಗನು ಅಲ್ಲಿ ಇಂಗ್ಲಿಷು, ಹಿಂದಿ, ಮರಾಠಿಗಳ ನಡುವೆ ತಡವರಿಸುವುದು ಬುದ್ಧಿ ಸಾಲದೆ ಅಲ್ಲ, ಪದ ತಿಳಿಯದೆ. ಮಾತೃಭಾಷೆಯಲ್ಲಿ ಒಮ್ಮೆ ಅರ್ಥವಾದುದನ್ನು ಅವನು ಯಾವ ಭಾಷೆಯಲ್ಲಿ ಕೇಳಿದರೂ ಗುರುತಿಸಬಲ್ಲನು. ಸಂಘದ ವಿದ್ಯಾರ್ಥಿವೇತನಗಳು ಇದುವರೆಗೆ ಕಾಲೇಜಿನ ಮಕ್ಕಳಿಗೇ ಹೆಚ್ಚಾಗಿ ಸಲ್ಲುತ್ತ ಬಂದಿವೆ. ಅವುಗಳಲ್ಲಿ ಕೆಲವನ್ನು ಕಸಬು ಕಲಿಯುವ ಮೂವತ್ತರ ಕೆಲಸಗಾರನಿಗೂ ಕೊಟ್ಟರೆ ಅದು ದಾನವಲ್ಲ, ಮರಳಿ ಬರುವ ಬಂಡವಾಳ.

ಹೋಟೆಲಿನ ಧಣಿಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಕಲಿಯಲು ಹೊರಟ ಕೆಲಸಗಾರನನ್ನು 'ಇವನಿನ್ನು ಬಿಟ್ಟುಹೋಗುವವನು' ಎಂದು ಕಡೆಗಣಿಸದೆ, ಬೆಳಗಿನ ಅಥವಾ ರಾತ್ರಿಯ ಅರ್ಧ ಪಾಳಿಯನ್ನು ಕೊಟ್ಟು ಊಟ ವಸತಿಗಳನ್ನು ಮುಂದುವರಿಸಿದರೆ ಅವರಿಗೆ ನಷ್ಟವೇನೂ ಆಗದು. ಬೇಸಿಗೆಯ ನಟ್ಟನಡುವೆ ಫ್ರೀಜರು ನಿಂತಾಗ ಹೊರಗಿನವನ ದಾರಿ ಕಾಯುವುದಕ್ಕಿಂತ, ಕಂಡೆನ್ಸರನ್ನು ವಾರಕ್ಕೊಮ್ಮೆ ಶುಚಿಮಾಡುವ, ಬಾಗಿಲಿನ ರಬ್ಬರು ಸವೆದುದನ್ನು ಮೊದಲೇ ಗಮನಿಸುವ ಮನುಷ್ಯನೊಬ್ಬನು ತಮ್ಮಲ್ಲಿಯೇ ಇರುವುದು ಲಾಭವಲ್ಲವೆ? ಅವನು ಎರಡು ವರ್ಷಗಳ ತರುವಾಯ ಬಿಟ್ಟುಹೋದರೂ, ನಂಬಿಕೆಯ ಮೆಕ್ಯಾನಿಕ್ಕೊಬ್ಬನನ್ನು ತಾವೇ ಬೆಳೆಸಿದ ಹೆಮ್ಮೆ ಉಳಿಯುತ್ತದೆ.

ಕೊನೆಗೆ, ಈ ಹಾದಿಯನ್ನು ಹಿಡಿಯಬೇಕೆಂದಿರುವ ಬಾಂಧವರಿಗೆ ನಾಲ್ಕು ಮಾತು. ಒಂದು, ಕೋಪದಲ್ಲಿ ನೌಕರಿಯನ್ನು ಬಿಡಬೇಡಿರಿ. ಗ್ರಾಚ್ಯುಟಿಯ ಹಕ್ಕು ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆಯಿಂದ ಬರುತ್ತದೆ. ನಾಲ್ಕು ವರ್ಷ ಮುಗಿಸಿದವನು ಇನ್ನೊಂದು ವರ್ಷ ತಾಳಿ ಅದನ್ನು ಕೈಗೆ ತೆಗೆದುಕೊಂಡರೆ ಕಲಿಕೆಯ ಕಾಲಕ್ಕೆ ಆಸರೆಯಾದೀತು. ಎರಡು, ಶಾಲೆಯನ್ನು ನಡುವೆ ಬಿಟ್ಟವರು ಮೊದಲು ರಾತ್ರಿಶಾಲೆಯಲ್ಲಿಯೋ ಮುಕ್ತ ಶಾಲೆಯಲ್ಲಿಯೋ 10ನೆಯ ತರಗತಿಯನ್ನು ಮುಗಿಸಿರಿ. ಆ ಒಂದು ಕಾಗದವಿಲ್ಲದೆ ಈ ಕಸಬಿನ ಮೇಲಿನ ಮೆಟ್ಟಿಲುಗಳು ತೆರೆಯುವುದಿಲ್ಲ. ಮೂರು, ಹಣ ಕಟ್ಟಿಸಿಕೊಂಡು 'ಒಂದು ತಿಂಗಳಲ್ಲಿ ಎ.ಸಿ. ಮೆಕ್ಯಾನಿಕ್' ಮಾಡುವೆವೆಂದು ಗೋಡೆಗಳಿಗೆ ಕಾಗದ ಅಂಟಿಸುವವರನ್ನು ನಂಬುವ ಮೊದಲು, ಅವರು ಕೊಡುವ ಪ್ರಮಾಣಪತ್ರಕ್ಕೆ ಸರಕಾರದ ಮಾನ್ಯತೆಯಿದೆಯೇ ಎಂದು ಸಮೀಪದ ಐ.ಟಿ.ಐ.ಯಲ್ಲಿ ವಿಚಾರಿಸಿಕೊಳ್ಳಿರಿ, ಪ್ರವೇಶದ ವಯೋಮಿತಿ ಮತ್ತು ವಾಸ್ತವ್ಯದ ನಿಯಮಗಳನ್ನೂ ಅಲ್ಲಿಯೇ ಕೇಳಿ ತಿಳಿಯಿರಿ. ನಾಲ್ಕು, ಬಿಡುವಿನ ವಾರದಲ್ಲಿ ಪರಿಚಯದ ಮೆಕ್ಯಾನಿಕ್ಕೊಬ್ಬನ ಜೊತೆಗೆ ಎರಡು ಮೂರು ದಿನ ತಿರುಗಿ ನೋಡಿರಿ. ಬಿಸಿಲು, ಎತ್ತರ, ಜಿಡ್ಡು, ಗಿರಾಕಿಯ ಗದರಿಕೆ ಇವು ನಾಲ್ಕೂ ಸಹಿಸಲು ಸಾಧ್ಯವೆಂದು ಕಂಡರೆ ಮುಂದುವರಿಯಿರಿ. ಇಲ್ಲವಾದರೆ ಬೇರೊಂದು ಕಸಬನ್ನು ಆರಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಹದಿನೆಂಟಕ್ಕೆ ಮುಂಚೆ ಈ ಕಸಬಿಗೆ ಅವಸರ ಬೇಡ. ಮೂವತ್ತರಲ್ಲಿ ನಿರಾಶೆ ಬೇಡ. ನಲವತ್ತರ ಮೇಲೆ ಗೋಡೆಯ ಅಂಚಿನ ಹಟ ಬೇಡ. ಹುಡುಗನನ್ನು ಶಾಲೆಯಲ್ಲಿ ಉಳಿಸುವ ಹೊಣೆ ತಂದೆಯದು, ಹರೆಯ ಮೀರಿದವನಿಗೆ ಎರಡು ವರ್ಷಗಳ ಅನ್ನ ವಸತಿಗಳನ್ನು ಒದಗಿಸುವ ಹೊಣೆ ನಮ್ಮ ಸಂಘಗಳದು ಮತ್ತು ಧಣಿಗಳದು. ಪ್ರತಿವರ್ಷ ಜೂನು ಜುಲೈಗಳ ಸುಮಾರಿಗೆ ಐ.ಟಿ.ಐ.ಗಳ ಪ್ರವೇಶದ ಕಾಲ ಬರುತ್ತದೆ. ಅಷ್ಟರೊಳಗೆ ಪ್ರತಿಯೊಂದು ಊರಿನ ಕನ್ನಡ ಸಂಘವು ತನ್ನ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯವನ್ನು ಎತ್ತಿಕೊಂಡು ಐದು ಮಂದಿಯ ಕಲಿಕೆಯ ಭಾರವನ್ನಾದರೂ ವಹಿಸಿಕೊಳ್ಳಲಿ. ಹಬ್ಬ ಉತ್ಸವಗಳಿಗೆ ಹಣ ಕೂಡಿಸುವ ಕೈಗಳಿಗೆ ಇದು ದೊಡ್ಡ ಮಾತಲ್ಲ.